ಸೋರುವ ಕಿಟಕಿಗೆ ಸಿಲಿಕಾನ್ ಹಚ್ಚುವ ಮೊದಲು

ಮೃಗಶಿರಾ ಮಳೆ ಹಿಡಿಯಿತೆಂದರೆ ಬೈಂದೂರು ಕಡೆಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ಈ ಮಾತು ಶುರುವಾಗುತ್ತದೆ: "ಹ್ವಾಯ್, ಒಂದ್ ಸಿಲಿಕಾನ್ ಟ್ಯೂಬ್ ಕೊಡಿ ಕಾಂಬ. ಕಿಟ್ಕಿ ಸೋರ್ತಾ ಇತ್ತ್." ಮನೆಯ ಗೋಡೆಯ ಬಿರುಕಿಗಾದರೆ ಆ ಟ್ಯೂಬು ಒಂದು ಮಳೆಗಾಲ ದಾಟಿಸೀತು. ವ್ಯಾನಿನ ಸ್ಲೈಡಿಂಗ್ ಕಿಟಕಿಗೆ ಕಂಡಲ್ಲೆಲ್ಲ ಅದನ್ನೇ ಬಳಿದರೆ ಮಾತ್ರ ಬಹಳ ಸಲ ಸೋರಿಕೆ ಇನ್ನಷ್ಟು ಹೆಚ್ಚುತ್ತದೆ. ಯಾಕೆ ಹಾಗೆ ಎಂದು ತಿಳಿದರೆ ಅರ್ಧ ರಿಪೇರಿ ಮುಗಿದಂತೆ. ಸ್ಕ್ರೂಡ್ರೈವರ್ ಹಿಡಿದು ಅಭ್ಯಾಸವಿಲ್ಲದವರೂ ಮಾಡಬಹುದಾದ ಕೆಲಸ ಇದು. ಒಂದೊಂದೇ ಹೆಜ್ಜೆ ಇಡುತ್ತ ಹೋಗೋಣ.

ಬೈಂದೂರು ಕಡೆಯ ನಮ್ಮ ಬಿಜೂರು ರಾಷ್ಟ್ರೀಯ ಹೆದ್ದಾರಿ 66ಕ್ಕೂ ಕೊಂಕಣ ರೈಲು ಹಳಿಗೂ ಹತ್ತಿರದ ಊರು. ಗೋವೆಯಿಂದ ಕರಾವಳಿಯ ಹೆದ್ದಾರಿ ಹಿಡಿದು ಕೇರಳಕ್ಕೆ ಹೋಗುವ ಪ್ರವಾಸಿ ವಾಹನಗಳೆಲ್ಲ ಈ ಸರಹದ್ದನ್ನು ಹಾಯ್ದೇ ಹೋಗಬೇಕು. ಕೇರಳ ಸರ್ಕಾರ 2021ರಲ್ಲಿ ಕ್ಯಾರವಾನ್ ಪ್ರವಾಸೋದ್ಯಮ ನೀತಿಯನ್ನೇ ತಂದಿತು. ಲಕ್ಷಾಂತರ ರೂಪಾಯಿಯ ಕ್ಯಾರವಾನ್ ಕೊಳ್ಳಲಾಗದವರೂ ಸುಮ್ಮನೆ ಕೂತಿಲ್ಲ. 1984ರಿಂದ 2019ರ ತನಕ ತಯಾರಾದ ಮಾರುತಿ ಓಮ್ನಿ, 1987ರಲ್ಲಿ ಟೆಂಪೋ ಟ್ರಾವೆಲರ್ ಎಂಬ ಹೆಸರಿನಲ್ಲಿ ಬಂದ ಈಗಿನ ಫೋರ್ಸ್ ಟ್ರಾವೆಲರ್, ಆಂಬುಲೆನ್ಸ್ ಆಗಿ ದುಡಿದು ನಿವೃತ್ತವಾದ ಗಾಡಿಗಳು, ಇಂಥವುಗಳ ಒಳಗೆ ಮಂಚ, ಒಲೆ, ನೀರಿನ ಕ್ಯಾನು ಇಟ್ಟುಕೊಂಡು ಹೊರಡುವವರಿದ್ದಾರೆ. ಒಳಗೆ ತಲೆಯೆತ್ತಿ ನಿಲ್ಲಲು ಅನುಕೂಲವಾಗಲೆಂದು ಮೇಲೆ ಫೈಬರಿನ ಎತ್ತರದ ಟಾಪ್ ಕೂರಿಸಿ, ಗಾಳಿಗೆಂದು ಅದರ ಪಕ್ಕಕ್ಕೆ ಸಣ್ಣ ಸ್ಲೈಡಿಂಗ್ ಕಿಟಕಿ ಇಟ್ಟಿರುತ್ತಾರೆ. ಬೇಸಗೆಯಲ್ಲಿ ಅದು ಸ್ವರ್ಗ. ಆಸಾಡಿ ಮಳೆಯಲ್ಲಿ ಮಲಗಿದವರ ಮುಖಕ್ಕೇ ಹನಿ.

ಕಿಟಕಿ ಕೆಲಸ ಮಾಡುವ ಬಗೆ

ಮೊದಲು ಒಂದು ತಪ್ಪು ಕಲ್ಪನೆ ಬಿಡಬೇಕು. ಸ್ಲೈಡಿಂಗ್ ಕಿಟಕಿ ನೀರನ್ನು ಪೂರ್ತಿ ಹೊರಗೇ ತಡೆಯುವ ಸಾಧನ ಎಂದು ಹೊಸಬರು ತಿಳಿದಿರುತ್ತಾರೆ. ಗಾಜು ಸರಿದಾಡಬೇಕಾದರೆ ಅದರ ಸುತ್ತ ಸ್ವಲ್ಪ ಸಡಿಲ ಬೇಕೇ ಬೇಕು. ಸಡಿಲ ಇದ್ದಲ್ಲಿ ನೀರು ನುಗ್ಗುತ್ತದೆ. ತಯಾರಿಸಿದವರಿಗೆ ಇದು ಗೊತ್ತು. ಅದಕ್ಕೇ ಅವರು ಗಾಜಿನ ಕೆಳಗೆ ಅಲ್ಯೂಮಿನಿಯಂ ಟ್ರ್ಯಾಕ್ ಇಟ್ಟು, ಒಳಗಿನ ಅಂಚನ್ನು ಹೊರಗಿನದಕ್ಕಿಂತ ಎತ್ತರ ಮಾಡಿ, ಹೊರ ಅಂಚಿನ ಬುಡದಲ್ಲಿ ಎರಡೋ ಮೂರೋ ತೂತು ಕೊರೆದಿರುತ್ತಾರೆ. ಗಾಜಿನ ಮೇಲಿಂದ ಇಳಿದ ನೀರು ಟ್ರ್ಯಾಕಿಗೆ ಬೀಳುತ್ತದೆ, ಆ ತೂತುಗಳಿಂದ ಹೊರಗೆ ಹರಿಯುತ್ತದೆ. ಗ್ಲಾಸ್ ಕೆಲಸದವರು ಇದನ್ನು ವೀಪ್ ಹೋಲ್ ಎನ್ನುತ್ತಾರೆ. ನಾವು ನೀರಿನ ತೂತು ಎನ್ನೋಣ.

ಈಗ ಸಿಲಿಕಾನ್ ಟ್ಯೂಬಿನವರ ಕಷ್ಟ ನೋಡಿ. ಕಿಟಕಿಯ ಕೆಳಗಂಚಿನಿಂದ ನೀರು ಒಳಗಿಳಿಯುತ್ತಿದೆ. ಅವರು ಹೊರಗಡೆ ಕೆಳಗಂಚಿಗೆ ಉದ್ದಕ್ಕೂ ಸಿಲಿಕಾನ್ ಎಳೆಯುತ್ತಾರೆ. ಅದರ ಜೊತೆಗೆ ನೀರಿನ ತೂತೂ ಮುಚ್ಚಿಹೋಗುತ್ತದೆ. ಮುಂದಿನ ಮಳೆಗೆ ಟ್ರ್ಯಾಕ್ ತುಂಬುತ್ತದೆ. ಹೊರಗೆ ಹೋಗಲು ದಾರಿಯಿಲ್ಲದ ನೀರು ಒಳ ಅಂಚನ್ನು ಹತ್ತಿ ಹಾಸಿಗೆಗೆ ಇಳಿಯುತ್ತದೆ. ಈ ಲೇಖನದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ನೆನಪಿಡಿ: ನೀರು ಬರುವ ದಾರಿ ಮುಚ್ಚುವುದಕ್ಕೆ ಮುಂಚೆ ಅದು ಹೋಗುವ ದಾರಿ ಬಿಡಿಸಬೇಕು.

ನಮ್ಮ ಹಂಚಿನ ಮಾಡು ಕಟ್ಟಿದ ಬುದ್ಧಿಯೇ ಇಲ್ಲಿಯೂ ಇದೆ. ಹಂಚಿಗೆ ಹಂಚನ್ನು ಯಾರೂ ಗಾರೆ ಹಾಕಿ ಅಂಟಿಸುವುದಿಲ್ಲ. ಮೇಲಿನದು ಕೆಳಗಿನದರ ಮೇಲೆ ಸ್ವಲ್ಪ ಏರಿ ಕೂರುತ್ತದೆ, ನೀರು ಇಳಿಜಾರಿನಲ್ಲಿ ತನ್ನ ಪಾಡಿಗೆ ತಾನು ಹೋಗುತ್ತದೆ. ಮಾಡು ಸೋರಿದಾಗ ಹನಿ ಬಿದ್ದ ಜಾಗದ ನೇರ ಮೇಲೆ ಒಡೆದ ಹಂಚು ಇರುವುದೂ ಕಡಿಮೆ. ನೀರು ಪಕ್ಕಾಸಿನ ಗುಂಟ ಜಾರಿ ಎಲ್ಲೋ ತೊಟ್ಟಿಕ್ಕುತ್ತದೆ. ಈ ಎರಡೂ ಸಂಗತಿ ವ್ಯಾನಿಗೆ ಹಾಗೆಯೇ ಅನ್ವಯಿಸುತ್ತವೆ.

ಎತ್ತರದ ಟಾಪ್ ಯಾಕೆ ಹೆಚ್ಚು ಸೋರುತ್ತದೆ?

ಕರಾವಳಿಯ ಈ ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ದಿನಕ್ಕೆ 100 ಮಿ.ಮೀ. ಬಿದ್ದರೆ ಇಲ್ಲಿ ಯಾರೂ ಆಶ್ಚರ್ಯಪಡುವುದಿಲ್ಲ. ಆ ಮಳೆಯಲ್ಲಿ ಹತ್ತು ಚದರ ಮೀಟರ್ ಮಾಡಿರುವ ಟ್ರಾವೆಲರ್ ಮೇಲೆ ಒಂದು ದಿನದಲ್ಲಿ ಸಾವಿರ ಲೀಟರ್ ನೀರು ಬೀಳುತ್ತದೆ. ಕಬ್ಬಿಣದ ಮಾಡಿರುವ ಹಳೆಯ ವ್ಯಾನುಗಳಲ್ಲಿ ಅಂಚಿಗೆ ನೀರಿನ ಗಟರ್ ಇರುತ್ತದೆ, ಕಿಟಕಿ ಅದರ ಕೆಳಗಿರುತ್ತದೆ. ಫೈಬರ್ ಟಾಪಿನ ಕಿಟಕಿ ಆ ಗಟರಿಗಿಂತ ಮೇಲೆ ಇದೆ. ಮಾಡಿನ ನೀರೆಲ್ಲ ಅದರ ಮೇಲೆಯೇ ಇಳಿಯಬೇಕು. ಜೊತೆಗೆ ಟಾಪಿನ ಪಕ್ಕ ನೆಟ್ಟಗಿರದೆ ಒಳಕ್ಕೆ ಬಾಗಿರುತ್ತದೆ. ಅದರಲ್ಲಿ ಕೂತ ಕಿಟಕಿಯೂ ಆಕಾಶಕ್ಕೆ ಸ್ವಲ್ಪ ಮುಖ ಮಾಡಿರುತ್ತದೆ. ಇನ್ನೊಂದು, ಫೈಬರ್ ಮೈ ಬಾಗು, ಕಿಟಕಿಯ ಚೌಕಟ್ಟು ಸಪಾಟು. ನಡುವೆ ಎಲ್ಲೋ ಎರಡು ಮೂರು ಮಿ.ಮೀ. ಸಂದು ಉಳಿದೇ ಉಳಿಯುತ್ತದೆ. ಹೊಂಡದ ರಸ್ತೆಯಲ್ಲಿ ಗಾಡಿ ಕುಲುಕಿದಾಗಲೆಲ್ಲ ಆ ಸಂದಿನ ಅಂಟು ಎಳೆದಾಡುತ್ತದೆ.

ಗಾಳಿಯ ಪಾತ್ರವನ್ನೂ ಮರೆಯಬಾರದು. ಗಂಟೆಗೆ 60 ಕಿ.ಮೀ. ವೇಗದ ಗಾಳಿ ಕಿಟಕಿಗೆ ನೇರವಾಗಿ ಬಡಿದರೆ ಅದರ ಒತ್ತಡ ಸುಮಾರು 17 ಮಿ.ಮೀ. ಎತ್ತರದ ನೀರನ್ನು ಹಿಡಿದು ನಿಲ್ಲಿಸಬಲ್ಲದು. ಟ್ರ್ಯಾಕಿನ ಒಳ ಅಂಚು ಅದಕ್ಕಿಂತ ಗಿಡ್ಡವಾಗಿದ್ದರೆ ತೂತುಗಳು ಎಷ್ಟೇ ಶುದ್ಧವಾಗಿದ್ದರೂ ನೀರು ಒಳಗೆ ಬರುತ್ತದೆ. ಮರವಂತೆಯಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ. ನಡುವಿನ ಹೆದ್ದಾರಿ ಬದಿಯಲ್ಲಿ ಗಾಡಿಯನ್ನು ಕಡಲಿಗೆ ಅಡ್ಡಲಾಗಿ ನಿಲ್ಲಿಸಿ ಮಲಗಿದವರಿಗೆ ಇದರ ಅನುಭವ ಆಗಿರುತ್ತದೆ. ಮಳೆಗಾಲದ ಗಾಳಿ ಬರುವುದು ನೈಋತ್ಯದಿಂದ. ರಾತ್ರಿ ತಂಗುವಾಗ ಗಾಡಿಯ ಮೂತಿಯನ್ನು ಆ ದಿಕ್ಕಿಗೆ ತಿರುಗಿಸಿ ನಿಲ್ಲಿಸಿದರೆ ಪಕ್ಕದ ಕಿಟಕಿಗಳ ಮೇಲಿನ ಹೊಡೆತ ಬಹಳ ಕಡಿಮೆಯಾಗುತ್ತದೆ. ಖರ್ಚಿಲ್ಲದ ರಿಪೇರಿ ಅಂದರೆ ಇದೇ.

ಸೋರಿಕೆಯೋ, ಬೆವರೋ?

ಕೈಗೆ ಹತ್ತಿದ ನೀರೆಲ್ಲ ಮಳೆಯ ನೀರಲ್ಲ. ಮುಚ್ಚಿದ ವ್ಯಾನಿನಲ್ಲಿ ಮಲಗಿದ ಒಬ್ಬೊಬ್ಬರ ಉಸಿರು ಮತ್ತು ಬೆವರಿನಿಂದ ರಾತ್ರಿಯಲ್ಲಿ ಒಂದು ಲೋಟದಷ್ಟು ನೀರು ಗಾಳಿಗೆ ಸೇರುತ್ತದೆ. ಒಳಗೆ ಗ್ಯಾಸ್ ಒಲೆ ಉರಿಸಿದರೆ ಇನ್ನೂ ಹೆಚ್ಚು: ಒಂದು ಕಿಲೋ ಎಲ್‌ಪಿಜಿ ಉರಿದಾಗ ಒಂದೂವರೆ ಕಿಲೋಗೂ ಮೀರಿ ನೀರಾವಿ ಹುಟ್ಟುತ್ತದೆ. ಅದು ತಣ್ಣಗಿನ ಗಾಜಿಗೆ, ಅಲ್ಯೂಮಿನಿಯಂ ಚೌಕಟ್ಟಿಗೆ ತಾಗಿ ಹನಿಗಟ್ಟಿ ಇಳಿಯುತ್ತದೆ. ನೋಡುವವರಿಗೆ ಥೇಟ್ ಸೋರಿಕೆ.

ಗುರುತಿಸುವುದು ಸುಲಭ. ಗಾಜಿನ ಒಳಮೈಯೆಲ್ಲ ಮಂಜು ಕವಿದಿದ್ದರೆ, ಮಳೆ ಇಲ್ಲದ ಬೆಳಿಗ್ಗೆಯೂ ಒದ್ದೆ ಇದ್ದರೆ, ಎಲ್ಲ ಕಿಟಕಿಗಳೂ ಒಂದೇ ರೀತಿ ಒದ್ದೆಯಾಗಿದ್ದರೆ ಅದು ಬೆವರು. ಒಂದೇ ಕಿಟಕಿ, ಒಂದೇ ಮೂಲೆ, ಮಳೆ ಬಂದಾಗ ಮಾತ್ರ, ನೀರಿನ ಜೊತೆ ಮಣ್ಣಿನ ಕೆಂಪು ಕಲೆ ಇದ್ದರೆ ಅದು ಸೋರಿಕೆ. ಬೆವರಿಗೆ ಯಾವ ಅಂಟೂ ಮದ್ದಲ್ಲ. ಎರಡು ಎದುರುಬದುರು ಕಿಟಕಿಗಳನ್ನು ಬೆರಳಷ್ಟು ತೆರೆದಿಟ್ಟು ಮಲಗಬೇಕು.

ನೀರಿನ ದಾರಿ ಹುಡುಕುವುದು

ಈ ಹಂತದಲ್ಲಿ ಆತುರ ಬೇಡ. ಒಣ ದಿನ ನೋಡಿ ಕಿಟಕಿಯ ಕೆಳಗಿನ ಒಳಪದರ, ಪ್ಲೈ ಅಥವಾ ರೆಕ್ಸಿನ್, ಬಿಚ್ಚಿ. ಒಳಗಿನ ಫೈಬರ್ ಮೈ ಕಾಣಬೇಕು. ಅದನ್ನು ಒರೆಸಿ ಒಣಗಿಸಿ, ಮೇಲೆ ಸೀಮೆಸುಣ್ಣದ ಪುಡಿ ತೆಳುವಾಗಿ ಬಳಿಯಿರಿ. ನೀರು ಎಲ್ಲಿಂದ ಇಳಿದರೂ ಪುಡಿಯಲ್ಲಿ ಗೆರೆ ಮೂಡುತ್ತದೆ. ಒಬ್ಬರು ಟಾರ್ಚ್ ಹಿಡಿದು ಒಳಗೆ ಕೂರಲಿ, ಇನ್ನೊಬ್ಬರು ಹೊರಗೆ ತೋಟದ ಪೈಪ್ ಹಿಡಿಯಲಿ.

ಪೈಪಿನ ತುದಿಗೆ ಬೆರಳಿಟ್ಟು ಚಿಮ್ಮಿಸಬೇಡಿ. ಪ್ರೆಷರ್ ವಾಷರ್ ಅಂತೂ ಬೇಡವೇ ಬೇಡ. ಅದು ಸರಿಯಾಗಿರುವ ಕಿಟಕಿಯೊಳಗೂ ನೀರು ನುಗ್ಗಿಸುತ್ತದೆ. ನೀರು ಸುಮ್ಮನೆ ಹರಿಯಬೇಕು. ಯಾವಾಗಲೂ ಕೆಳಗಿನಿಂದ ಮೇಲಕ್ಕೆ ಹೋಗಿ. ಮೊದಲು ಚೌಕಟ್ಟಿನ ಕೆಳಗಂಚು, ಐದು ನಿಮಿಷ. ಆಮೇಲೆ ಎರಡು ಪಕ್ಕ. ಆಮೇಲೆ ಗಾಜು, ಎರಡು ಗಾಜು ಒಂದರ ಮೇಲೊಂದು ಬರುವ ನಡುಪಟ್ಟಿ. ಆಮೇಲೆ ಚೌಕಟ್ಟಿನ ಮೇಲಂಚು. ಕೊನೆಗೆ ಟಾಪಿನ ಮೇಲೆ, ಲಗೇಜ್ ಕ್ಯಾರಿಯರಿನ ಬೋಲ್ಟು, ಫ್ಯಾನಿನ ಸುತ್ತ. ಮೇಲಿನಿಂದ ಶುರು ಮಾಡಿದರೆ ಇಳಿಯುವ ನೀರು ಎಲ್ಲವನ್ನೂ ಒದ್ದೆ ಮಾಡಿಬಿಡುತ್ತದೆ, ಯಾವ ಜಾಗ ತಪ್ಪಿತಸ್ಥ ಎಂದು ಗೊತ್ತಾಗುವುದಿಲ್ಲ. ಕ್ಯಾರಿಯರ್ ಬೋಲ್ಟಿನಿಂದ ಬಂದ ನೀರು ಒಳಪದರದ ಹಿಂದೆ ಜಾರಿ ಕಿಟಕಿಯ ಮೂಲೆಯಲ್ಲಿ ತೊಟ್ಟಿಕ್ಕುವುದು ತೀರಾ ಸಾಮಾನ್ಯ. ಪಾಪದ ಕಿಟಕಿ ಅದರ ಅಪವಾದ ಹೊರುತ್ತದೆ.

ಪುಡಿಯಲ್ಲಿ ಮೂಡಿದ ಗೆರೆಯನ್ನು ಮೇಲಕ್ಕೆ ಹಿಂಬಾಲಿಸಿ. ಅದು ಟ್ರ್ಯಾಕಿನ ಒಳ ಅಂಚಿನಿಂದ ಇಳಿದಿದ್ದರೆ ಕಿಟಕಿಯೊಳಗಿನ ತೊಂದರೆ. ಚೌಕಟ್ಟಿಗೂ ಫೈಬರಿಗೂ ನಡುವಿನಿಂದ ಇಳಿದಿದ್ದರೆ ಕೂರಿಸಿದ ರೀತಿಯ ತೊಂದರೆ. ಎರಡಕ್ಕೂ ಮದ್ದು ಬೇರೆ ಬೇರೆ.

ಮೊದಲ ಮದ್ದು: ತೂತು ಮತ್ತು ಟ್ರ್ಯಾಕ್

ಗಾಜನ್ನು ಪಕ್ಕಕ್ಕೆ ಸರಿಸಿ ಟ್ರ್ಯಾಕಿನೊಳಗೆ ನೋಡಿ. ಈ ಕಡೆಯ ಗಾಡಿಯಾದರೆ ಕೆಮ್ಮಣ್ಣು, ಕಡಲ ಮರಳು, ಗಾಳಿಮರದ ಸೂಜಿಯೆಲೆ, ಸತ್ತ ಇರುವೆ ಎಲ್ಲ ಸೇರಿ ಗಟ್ಟಿಯಾದ ಹೂಳು ಇರುತ್ತದೆ. ಹಳೆಯ ಟೂತ್‌ಬ್ರಷ್ ಮತ್ತು ಸೋಪಿನ ನೀರಿನಿಂದ ಅದನ್ನು ಬಿಡಿಸಿ. ನೀರಿನ ತೂತುಗಳನ್ನು ಬಿಡಿಸಲು ತಂತಿಗಿಂತ ಹಿಡಿಸೂಡಿಯ ತೆಂಗಿನ ಕಡ್ಡಿ ಒಳ್ಳೆಯದು. ತಂತಿ ಅಲ್ಯೂಮಿನಿಯಂ ಮೇಲಿನ ರಕ್ಷಣೆಯ ಪದರವನ್ನು ಗೀಚುತ್ತದೆ. ಗೀಚಿದಲ್ಲಿ ಉಪ್ಪುಗಾಳಿ ತಾಗಿ ಬಿಳಿ ಪುಡಿ ಏಳುತ್ತದೆ. ಕಡ್ಡಿ ಹೊರಗೆ ಬಂದ ಮೇಲೆ ಒಂದು ಲೋಟ ನೀರನ್ನು ಟ್ರ್ಯಾಕಿಗೆ ಹೊಯ್ದು ನೋಡಿ. ಅದು ಸರಾಗವಾಗಿ ಹೊರಗೆ ಹರಿಯಬೇಕು. ಒಂದು ಕೊನೆಯಲ್ಲಿ ನೀರು ನಿಂತರೆ ಅಲ್ಲಿ ತೂತು ಇಲ್ಲ, ಅಥವಾ ನಿಮ್ಮ ಗಾಡಿ ಆ ಕಡೆ ವಾಲಿ ನಿಂತಿದೆ.

ತೂತಿನ ಅಳತೆಯೂ ಮುಖ್ಯ. 3 ಮಿ.ಮೀ. ತೂತಿನಲ್ಲಿ ನೀರು ತನ್ನದೇ ಹನಿಯಾಗಿ ಅಂಟಿಕೊಂಡು ಬಾಯಿ ಮುಚ್ಚುತ್ತದೆ. ಇಂಥ ತೂತನ್ನು ಸಣ್ಣ ಅರದಿಂದ ಉಜ್ಜಿ 5 ಮಿ.ಮೀ. ಅಗಲ, 15 ಮಿ.ಮೀ. ಉದ್ದದ ಸೀಳಾಗಿ ಮಾಡಿದರೆ ಹರಿವು ಬೇರೆಯೇ ಆಗುತ್ತದೆ. ಉಜ್ಜುವುದು ಹೊರ ಅಂಚನ್ನು ಮಾತ್ರ. ತಳವನ್ನೋ ಒಳ ಅಂಚನ್ನೋ ಮುಟ್ಟಿದಿರೋ, ಹೊಸ ಸೋರಿಕೆಯನ್ನು ನೀವೇ ಕೊರೆದಂತೆ.

ಆಮೇಲೆ ಗಾಜು ಓಡುವ ಚಾನೆಲ್. ಇದು ಇಂಗ್ಲಿಷಿನ ಯು ಅಕ್ಷರದ ಆಕಾರದ ರಬ್ಬರ್, ಒಳಗೆ ಮೃದುವಾದ ಫೆಲ್ಟ್ ಇರುತ್ತದೆ. ಗಾಡಿ ಗಾಜಿನ ಅಂಗಡಿಗಳಲ್ಲಿ ಫೆಲ್ಟ್ ಚಾನೆಲ್ ಎಂದು ಕೇಳಿದರೆ ಅಡಿ ಲೆಕ್ಕದಲ್ಲಿ ಕತ್ತರಿಸಿ ಕೊಡುತ್ತಾರೆ. ಹಳೆಯದರ ಒಂದು ತುಂಡನ್ನು ಮಾದರಿಗೆ ಒಯ್ಯಿರಿ. ಎತ್ತರ, ಅಗಲ, ಗಾಜಿನ ದಪ್ಪ ಮೂರೂ ಹೊಂದಬೇಕು. ಫೆಲ್ಟ್ ಸವೆದು ನುಣುಪಾಗಿದ್ದರೆ, ರಬ್ಬರ್ ಕಲ್ಲಿನಂತಾಗಿದ್ದರೆ ಬದಲಿಸಲೇಬೇಕು.

ಬದಲಿಸುವಾಗ ಬಹಳ ಜನ ಬಿಡುವ ಒಂದು ಕೆಲಸವಿದೆ. ಹೊಸ ಚಾನೆಲ್ಲನ್ನು ಟ್ರ್ಯಾಕಿನ ಉದ್ದಕ್ಕೂ ಒಂದೇ ತುಂಡಾಗಿ ಒತ್ತಿಬಿಟ್ಟರೆ ಅದರ ತಳ ನೀರಿನ ತೂತುಗಳ ಮೇಲೆ ಹಾಸಿ ಕೂರುತ್ತದೆ. ಚಾನೆಲ್ಲೇ ಒಂದು ತೊಟ್ಟಿಯಾಗುತ್ತದೆ, ನೀರು ಅದರಲ್ಲಿ ನಿಂತು ತುಳುಕುತ್ತದೆ. ಹಾಗಾಗಿ ಚಾನೆಲ್ ಒತ್ತುವ ಮೊದಲು ಅದನ್ನು ಟ್ರ್ಯಾಕಿನ ಪಕ್ಕಕ್ಕೆ ಹಿಡಿದು, ಪ್ರತಿ ತೂತಿನ ನೇರಕ್ಕೂ ಪೆನ್ನಿನಿಂದ ಗುರುತು ಹಾಕಿ. ಗುರುತಿದ್ದಲ್ಲಿ ಚಾನೆಲ್ಲಿನ ತಳವನ್ನೂ ಹೊರಗೋಡೆಯ ಬುಡವನ್ನೂ ಹರಿತ ಬ್ಲೇಡಿನಿಂದ ಬೆರಳಗಲ ಕಚ್ಚು ತೆಗೆಯಿರಿ. ಎರಡು ಕೊನೆಗಳಲ್ಲಿ ಚೌಕಟ್ಟಿಗೆ ತಾಗದಂತೆ 5 ಮಿ.ಮೀ. ಬಿಡಿ. ಆಮೇಲೆ ಒತ್ತಿ ಕೂರಿಸಿ, ಮತ್ತೆ ಲೋಟದ ನೀರಿನ ಪರೀಕ್ಷೆ ಮಾಡಿ.

ಹೊಸ ಚಾನೆಲ್ಲಿನಲ್ಲಿ ಗಾಜು ಬಿಗಿಯಾಗಿ ಓಡುತ್ತದೆ. ತೆಂಗಿನೆಣ್ಣೆ, ಗ್ರೀಸ್, ಇಂಜಿನ್ ಆಯಿಲ್ ಯಾವುದನ್ನೂ ಹಚ್ಚಬೇಡಿ. ಎಣ್ಣೆ ಮರಳನ್ನು ಹಿಡಿದಿಟ್ಟುಕೊಳ್ಳುತ್ತದೆ, ಪೆಟ್ರೋಲಿಯಂ ಎಣ್ಣೆಗೆ ಈ ರಬ್ಬರ್ ಉಬ್ಬುತ್ತದೆ. ಸಿಲಿಕಾನ್ ಸ್ಪ್ರೇ ಒಮ್ಮೆ ಹೊಡೆದರೆ ಸಾಕು. ಆದರೆ ಒಂದು ಎಚ್ಚರಿಕೆ: ಚೌಕಟ್ಟಿಗೆ ಅಂಟು ಹಚ್ಚುವ ಕೆಲಸ ಬಾಕಿ ಇದ್ದರೆ ಅದು ಮುಗಿಯುವ ತನಕ ಆ ಸ್ಪ್ರೇ ಡಬ್ಬಿಯನ್ನು ಗಾಡಿಯ ಹತ್ತಿರವೂ ತರಬೇಡಿ. ಅದರ ತುಂತುರು ಬಿದ್ದಲ್ಲಿ ಯಾವ ಅಂಟೂ ಹಿಡಿಯುವುದಿಲ್ಲ.

ಇನ್ನು ಎರಡು ಗಾಜು ಕೂಡುವ ನಡುಪಟ್ಟಿ. ಅಲ್ಲಿರುವ ಸಣ್ಣ ಬ್ರಷ್ ಪಟ್ಟಿ ಸವೆದಿದ್ದರೆ ಹೊಸದು ಹಾಕಿ. ಹಾಗೆಯೇ ಯಾವ ಗಾಜು ಹೊರಗಿದೆ ಎಂದು ನೋಡಿ. ಗಾಡಿಯ ಮುಂಭಾಗದ ಕಡೆಯ ಗಾಜು ಹೊರಗಿದ್ದರೆ ಅದರ ಅಂಚು ಹಿಂದಕ್ಕೆ ಮುಖ ಮಾಡಿರುತ್ತದೆ, ಓಡುವಾಗ ಮಳೆ ಅದರ ಮೇಲೆ ಜಾರಿ ಹೋಗುತ್ತದೆ. ಹಿಂದಿನ ಗಾಜು ಹೊರಗಿದ್ದರೆ ಅದರ ಅಂಚು ಎದುರುಗಾಳಿಗೆ ಬಾಯಿ ತೆರೆದು ನೀರನ್ನು ಬಾಚಿಕೊಳ್ಳುತ್ತದೆ, ಹಂಚನ್ನು ತಿರುಗಾಮುರುಗಾ ಹೊದಿಸಿದ ಹಾಗೆ. ಎಡಬದಿಯ ಕಿಟಕಿಯನ್ನು ತಂದು ಬಲಬದಿಗೆ ಕೂರಿಸಿದ ಗಾಡಿಗಳಲ್ಲಿ ಈ ದೋಷ ಕಾಣಿಸುತ್ತದೆ. ಎಡ ಬಲ ಅದಲುಬದಲು ಮಾಡಿದರೆ ಅರ್ಧ ಗಂಟೆಯಲ್ಲಿ ಹಳೆಯ ಕಾಯಿಲೆ ವಾಸಿ.

ಎರಡನೆಯ ಮದ್ದು: ಚೌಕಟ್ಟು ಕಳಚಿ ಕೂರಿಸುವುದು

ಪುಡಿಯ ಗೆರೆ ಚೌಕಟ್ಟಿನ ಹಿಂದಿನಿಂದ ಬಂದಿದ್ದರೆ ಹೊರಗಿನಿಂದ ಬಳಿದು ಪ್ರಯೋಜನವಿಲ್ಲ. ಕಿಟಕಿಯನ್ನು ಹೊರಗೆ ತೆಗೆಯಲೇಬೇಕು. ಹೆದರಬೇಡಿ, ಇದು ಇಬ್ಬರ ಕೆಲಸ, ಅಷ್ಟೆ.

ಎತ್ತರದ ಟಾಪ್‌ಗಳಲ್ಲಿ ಎರಡು ಬಗೆಯ ಜೋಡಣೆ ಸಾಮಾನ್ಯ. ಒಂದು, ಹೊರಗೊಂದು ಚೌಕಟ್ಟು, ಒಳಗೊಂದು ರಿಂಗ್, ನಡುವೆ ಫೈಬರ್ ಮೈ. ಒಳಗಿನಿಂದ ಸ್ಕ್ರೂ ಬಿಗಿದಿರುತ್ತಾರೆ. ಇನ್ನೊಂದು, ಇಡೀ ಚೌಕಟ್ಟು ದಪ್ಪ ರಬ್ಬರ್ ಬೀಡಿಂಗಿನಲ್ಲಿ ಕೂತಿರುತ್ತದೆ.

ಸ್ಕ್ರೂ ಬಗೆಯದಾದರೆ ಒಬ್ಬರು ಹೊರಗೆ ಕಿಟಕಿ ಹಿಡಿದಿರಲಿ, ಇನ್ನೊಬ್ಬರು ಒಳಗೆ ಸ್ಕ್ರೂ ಬಿಚ್ಚಲಿ. ಹಳೆಯ ಅಂಟನ್ನು ಮರದ ಅಥವಾ ಪ್ಲಾಸ್ಟಿಕ್ ಕತ್ತಿಯಿಂದ ಕೆರೆದು ತೆಗೆಯಿರಿ. ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿಯುವುದು ಇದೇ, ಎಲ್ಲಕ್ಕಿಂತ ಹೆಚ್ಚು ಫಲ ಕೊಡುವುದೂ ಇದೇ. ಹಳೆಯ ಸಿಲಿಕಾನಿನ ಮೇಲೆ ಹೊಸ ಸಿಲಿಕಾನ್ ಕೂಡ ಸರಿಯಾಗಿ ಹಿಡಿಯುವುದಿಲ್ಲ. ಗಾಜಾದರೆ, ಅಲ್ಯೂಮಿನಿಯಂ ಆದರೆ ಕೊನೆಗೆ ಸ್ಪಿರಿಟ್‌ನಿಂದ ಒರೆಸಿ. ಕಿಟಕಿ ಗಾಜಿನದಾಗಿರದೆ ಅಕ್ರಿಲಿಕ್ಕಿನದಾಗಿದ್ದರೆ ತಿನ್ನರ್, ಪೆಟ್ರೋಲ್, ಸ್ಪಿರಿಟ್ ಯಾವುದೂ ಬೇಡ. ಅದರ ಮೈತುಂಬ ಕೂದಲೆಳೆಯ ಬಿರುಕು ಹುಟ್ಟುತ್ತದೆ. ಸೋಪಿನ ನೀರೇ ಸಾಕು.

ಈಗ ಫೈಬರ್ ಕೊಯ್ದ ಅಂಚನ್ನು ನೋಡಿ. ಎಳೆಗಳು ಬಿಚ್ಚಿಕೊಂಡಿದ್ದರೆ, ನಡುವೆ ಪ್ಲೈ ಸೇರಿಸಿದ್ದು ಕಪ್ಪಾಗಿ ಮೆತ್ತಗಾಗಿದ್ದರೆ, ಮೂಲೆಯಿಂದ ಬಿರುಕು ಹೊರಟಿದ್ದರೆ ಅದನ್ನು ಸರಿ ಮಾಡದೆ ಮುಂದೆ ಹೋಗುವ ಹಾಗಿಲ್ಲ. ಇಲ್ಲಿ ನಮ್ಮ ಊರಿನವರಿಗೆ ಒಂದು ಅನುಕೂಲವಿದೆ. ಕೊಡೇರಿ, ಉಪ್ಪುಂದ, ಗಂಗೊಳ್ಳಿ ಕಡೆ ನಾಡದೋಣಿಗಳೂ ಫೈಬರಿನವೇ. ರೆಸಿನ್, ಮ್ಯಾಟ್, ಹಾರ್ಡನರ್ ಹಿಡಿದು ದೋಣಿ ತೇಪೆ ಹಾಕುವ ಕೈಗಳು ಇಲ್ಲಿವೆ. ವ್ಯಾನಿನ ಟಾಪೂ ದೋಣಿಯ ಮೈಯೂ ಒಂದೇ ಸಾಮಗ್ರಿ. ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರ ತನಕ ಮೀನುಗಾರಿಕೆ ನಿಷೇಧ. ದೋಣಿ ರಿಪೇರಿಗೆ ಅದೇ ಸುಗ್ಗಿ. ನೀವು ಅದಕ್ಕೆ ಮುಂಚೆ ಹೋಗಿ ಕೇಳಿಕೊಳ್ಳಿ. ಸಣ್ಣ ಅಂಚಾದರೆ ಒಣಗಿಸಿ, ಮರಳು ಕಾಗದದಿಂದ ಉಜ್ಜಿ, ರೆಸಿನ್ ಸವರಿ ನೀವೇ ಮುಚ್ಚಬಹುದು. ಒದ್ದೆಯ ಮೇಲೆ ಮಾತ್ರ ಯಾವುದನ್ನೂ ಸವರಬೇಡಿ. ಒಳಗೆ ಸಿಕ್ಕಿಬಿದ್ದ ತೇವ ಪ್ಲೈಯನ್ನು ತಿನ್ನುತ್ತಲೇ ಇರುತ್ತದೆ.

ಯಾವ ಅಂಟು ಎಲ್ಲಿಗೆ?

ಅಂಗಡಿಯ ಶೆಲ್ಫ್ ನೋಡಿದರೆ ತಲೆ ತಿರುಗುತ್ತದೆ. ನಮಗೆ ಬೇಕಾದಷ್ಟು ಮಾತ್ರ ತಿಳಿದುಕೊಳ್ಳೋಣ.

ಬ್ಯುಟೈಲ್ ಟೇಪ್: ಕರಿಯ ಅಥವಾ ಬೂದು ಬಣ್ಣದ, ಕಣಕದಂತೆ ಮೆತ್ತಗಿನ ಪಟ್ಟಿ. ಒಣಗಿ ಗಟ್ಟಿಯಾಗುವುದೇ ಇಲ್ಲ. ಎರಡು ಭಾಗಗಳ ನಡುವೆ ಹಿಸುಕಿ ಕೂತು ಸಂದು ತುಂಬುತ್ತದೆ, ಗಾಡಿ ಕುಲುಕಿದರೂ ಬಿಡುವುದಿಲ್ಲ. ಹಾಯಿದೋಣಿ, ಕ್ಯಾರವಾನ್ ಕೆಲಸದವರು ಇದನ್ನು ನೆಚ್ಚುವುದು ಅದಕ್ಕೇ. ಸ್ಕ್ರೂ ಬಿಗಿಯುವ ಚೌಕಟ್ಟಿಗೆ ಹೊಸಬರ ಮೊದಲ ಆಯ್ಕೆ ಇದೇ ಆಗಲಿ. ತಪ್ಪಾದರೆ ಕಳಚಿ ಮತ್ತೆ ಹಾಕಬಹುದು.

ಸಿಲಿಕಾನ್: ಹುಳಿ ವಿನೆಗರ್ ವಾಸನೆ ಬರುವ ಅಗ್ಗದ ಬಗೆ ಅಲ್ಯೂಮಿನಿಯಂ ಮತ್ತು ಕಬ್ಬಿಣವನ್ನು ತಿನ್ನುತ್ತದೆ. ನ್ಯೂಟ್ರಲ್ ಎಂದು ಬರೆದಿರುವುದನ್ನು ಕೇಳಿ ತನ್ನಿ. ಸಿಲಿಕಾನಿನ ಮೇಲೆ ಬಣ್ಣ ಹಿಡಿಯುವುದಿಲ್ಲ ಎಂಬುದೂ ನೆನಪಿರಲಿ.

ಪಾಲಿಯುರಿಥೇನ್, ಅಂದರೆ ಪಿಯು ಸೀಲೆಂಟ್: ಗಾಡಿಯ ಮುಂದಿನ ಗಾಜನ್ನು ಅಂಟಿಸುವುದು ಇದರಿಂದಲೇ. ಬಲ ಬಹಳ. ಒಮ್ಮೆ ಹಿಡಿದರೆ ಬಿಡಿಸುವುದು ಕಷ್ಟ, ನೇರ ಬಿಸಿಲಿಗೆ ಹಾಳಾಗುತ್ತದೆ, ಅಕ್ರಿಲಿಕ್ಕಿಗೆ ಒಗ್ಗುವುದಿಲ್ಲ. ಕಲಿಯುವವರು ದೂರ ಇಡುವುದು ಒಳ್ಳೆಯದು.

ಇನ್ನೊಂದು ಲೆಕ್ಕ. ಒಂದು ಮೀಟರ್ ಉದ್ದದ ಅಕ್ರಿಲಿಕ್ ಹಾಳೆ 40 ಡಿಗ್ರಿ ಬಿಸಿ ಏರಿದಾಗ ಸುಮಾರು 3 ಮಿ.ಮೀ. ಹಿಗ್ಗುತ್ತದೆ. ಅದೇ ಉದ್ದದ ಗಾಜು ಅರ್ಧ ಮಿ.ಮೀ. ಕೂಡ ಹಿಗ್ಗುವುದಿಲ್ಲ. ಅಕ್ರಿಲಿಕ್ಕನ್ನು ಗಟ್ಟಿಯಾಗಿ ಕಟ್ಟಿಹಾಕಿದರೆ ಏಪ್ರಿಲ್ ಬಿಸಿಲಿಗೆ ಒಂದೋ ಅಂಟು ಹರಿಯುತ್ತದೆ, ಒಂದೋ ಹಾಳೆ ಸೀಳುತ್ತದೆ.

ಕೂರಿಸುವ ಕ್ರಮ ಹೀಗೆ. ಚೌಕಟ್ಟಿನ ಹೊರ ಅಂಚಿನ ಒಳಮೈಗೆ ಬ್ಯುಟೈಲ್ ಟೇಪನ್ನು ಎಳೆಯದೆ ಸುತ್ತ ಅಂಟಿಸಿ. ತುದಿಗಳು ಕೂಡುವ ಜಾಗ ಕೆಳಗಂಚಿನಲ್ಲಿರಲಿ, ಮೇಲೆ ಬೇಡ. ಮೈ ಬಾಗಿ ಸಂದು ಹೆಚ್ಚಿರುವಲ್ಲಿ ಎರಡು ಪದರ ಹಾಕಿ. ಕಿಟಕಿ ಕೂರಿಸಿ, ಸ್ಕ್ರೂಗಳನ್ನು ಎದುರುಬದುರು ಮೂಲೆಗಳ ಕ್ರಮದಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಒಂದೇ ಮೂಲೆಯನ್ನು ಪೂರ್ತಿ ಬಿಗಿದರೆ ಚೌಕಟ್ಟು ಸೊಟ್ಟಗಾಗಿ ಗಾಜು ಓಡುವುದಿಲ್ಲ. ಟೇಪು ಸುತ್ತ ಸಮವಾಗಿ ಹಿಸುಕಿ ಹೊರಗೆ ಇಣುಕಿದಾಗ ನಿಲ್ಲಿಸಿ. ಮರುದಿನ ಬಿಸಿಲೇರಿದ ಮೇಲೆ ಇನ್ನೊಂದು ಕಾಲು ಸುತ್ತು. ಅದರ ಮರುದಿನ ಮತ್ತೊಮ್ಮೆ ನೋಡಿ, ಹೊರಗೆ ಬಂದದ್ದನ್ನು ಪ್ಲಾಸ್ಟಿಕ್ ಕತ್ತಿಯಿಂದ ಕತ್ತರಿಸಿ ತೆಗೆಯಿರಿ.

ಸ್ಕ್ರೂ ಸ್ಟೇನ್‌ಲೆಸ್ ಸ್ಟೀಲಿನದೇ ಇರಲಿ. ಅದರ ಕುತ್ತಿಗೆಗೆ ಒಂದು ಚೂರು ಸೀಲೆಂಟ್ ಸವರಿ ಹಾಕಿ. ಸ್ಟೀಲ್, ಅಲ್ಯೂಮಿನಿಯಂ, ಉಪ್ಪುನೀರು ಮೂರೂ ಸೇರಿದಲ್ಲಿ ಅಲ್ಯೂಮಿನಿಯಂ ಸವೆಯುತ್ತದೆ. ಕಡಲಿನ ಗಾಳಿ ಮುಟ್ಟುವ ಊರಿನಲ್ಲಿ ಇದು ವರ್ಷಗಟ್ಟಲೆ ಕಾಯುವುದಿಲ್ಲ.

ರಬ್ಬರ್ ಬೀಡಿಂಗ್ ಬಗೆಯದಾದರೆ ಹೊಸ ಬೀಡಿಂಗನ್ನು ಅಳತೆಗಿಂತ ಸ್ವಲ್ಪ ಉದ್ದವೇ ಕತ್ತರಿಸಿ, ಒತ್ತಿ ಕೂರಿಸಿ. ಎಳೆದು ಕೂರಿಸಿದ ರಬ್ಬರ್ ಕ್ರಮೇಣ ಕುಗ್ಗಿ ಬಾಯಿ ಬಿಡುತ್ತದೆ. ಜೋಡಣೆ ಮೂಲೆಯಲ್ಲಿ ಬರಬಾರದು. ಬೀಡಿಂಗಿನ ಒಳ ತುಟಿಯ ಸಂದಿನಲ್ಲಿ ನೈಲಾನ್ ಹಗ್ಗ ಸುತ್ತಿ, ಸೋಪಿನ ನೀರು ಹಚ್ಚಿ, ಹೊರಗಿನವರು ಕಿಟಕಿಯನ್ನು ಅಂಗೈಯಿಂದ ಒತ್ತುತ್ತಿರುವಾಗ ಒಳಗಿನವರು ಹಗ್ಗವನ್ನು ನಿಧಾನ ಎಳೆಯುತ್ತ ಹೋದರೆ ತುಟಿ ತಾನಾಗಿ ಒಳಕ್ಕೆ ಮಗುಚಿಕೊಳ್ಳುತ್ತದೆ. ಗಾಜಿನ ಅಂಚಿಗೆ ಸ್ಕ್ರೂಡ್ರೈವರ್ ತುದಿ ತಾಗಿಸಬೇಡಿ. ಗಾಡಿಯ ಪಕ್ಕದ ಗಾಜು ಟಫನ್ ಮಾಡಿದ್ದು. ಅಂಚಿಗೆ ಪೆಟ್ಟು ಬಿದ್ದರೆ ಇಡೀ ಗಾಜು ಒಮ್ಮೆಗೇ ಪುಡಿಯಾಗುತ್ತದೆ. ಅದನ್ನು ಕತ್ತರಿಸಲೂ ಕೊರೆಯಲೂ ಬರುವುದಿಲ್ಲ.

ಕೊನೆಗೆ ಹೊರಗಡೆ ಅಂದಕ್ಕೊಂದು ಸಿಲಿಕಾನ್ ಗೆರೆ ಎಳೆಯುವ ಆಸೆಯಿದ್ದರೆ ಮೇಲಂಚಿಗೆ ಮತ್ತು ಎರಡು ಪಕ್ಕಕ್ಕೆ ಎಳೆಯಿರಿ, ಕೆಳಗಂಚನ್ನು ಖಾಲಿ ಬಿಡಿ. ಹೇಗೋ ಹಿಂದೆ ಸೇರಿದ ನೀರಿಗೆ ಅಲ್ಲಿಂದ ಹೊರಗೆ ಬರಲು ಆಗಬೇಕು. ಕಿಟಕಿಯ ಮೇಲೆ ಎರಡು ಬೆರಳು ಬಿಟ್ಟು ಒಂದು ರಬ್ಬರ್ ಅಥವಾ ಅಲ್ಯೂಮಿನಿಯಂ ಪಟ್ಟಿಯನ್ನು ಹುಬ್ಬಿನ ಹಾಗೆ ಅಂಟಿಸಿದರೆ ಇನ್ನೂ ಒಳ್ಳೆಯದು. ಕಿಟಕಿಗಿಂತ ಎರಡೂ ಕಡೆ 5 ಸೆಂ.ಮೀ. ಉದ್ದವಿರಲಿ, ಹಿಂದಕ್ಕೆ ಸ್ವಲ್ಪ ಇಳಿಜಾರಿರಲಿ. ಮಾಡಿನ ನೀರು ಕಿಟಕಿಗೆ ಮುಟ್ಟುವ ಮೊದಲೇ ಪಕ್ಕಕ್ಕೆ ಹೋಗುತ್ತದೆ.

ಕಾಯಿದೆ, ಕಾಲ, ತುರ್ತು

ರಬ್ಬರ್, ಚಾನೆಲ್, ಅಂಟು ಬದಲಿಸಲು ಯಾರ ಅನುಮತಿಯೂ ಬೇಡ. ಆದರೆ ಹೊಸದಾಗಿ ಟಾಪ್ ಕೂರಿಸುವುದು, ಬಾಡಿ ಕೊಯ್ದು ಕಿಟಕಿ ಮಾಡುವುದು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ವ್ಯಾಪ್ತಿಗೆ ಬರುತ್ತದೆ. ಕೆಎ 20 ನಂಬರಿನ ಗಾಡಿಯಾದರೆ ಉಡುಪಿಯ ಆರ್‌ಟಿಒ ಕಚೇರಿಯಲ್ಲಿ ಮೊದಲು ವಿಚಾರಿಸಿ. ಸೋರಿಕೆಗೆ ಬೇಸತ್ತು ಸ್ಲೈಡಿಂಗ್ ಗಾಜನ್ನು ಶಾಶ್ವತವಾಗಿ ಅಂಟಿಸಿಬಿಡುವ ಯೋಚನೆಯನ್ನೂ ಬಿಡಿ. ಒಳಗೆ ಮಲಗುವ, ಒಲೆ ಉರಿಸುವ ಗಾಡಿಗೆ ಗಾಳಿ ಬೇಕು; ಅಪಘಾತವಾದರೆ ಹೊರಬರಲು ಅದೇ ದಾರಿಯಾದೀತು.

ಕೆಲಸಕ್ಕೆ ಸರಿಯಾದ ಕಾಲ ಮೇ ತಿಂಗಳ ಮಧ್ಯ. ಮೇ 24ರ ಆಸುಪಾಸಿಗೆ ಪತ್ತನಾಜೆ ಬಂದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಅಷ್ಟರೊಳಗೆ ನಿಮ್ಮ ಕಿಟಕಿಯೂ ಮುಗಿದಿರಲಿ. ಸಿಲಿಕಾನ್ ಮತ್ತು ಪಿಯು ಗಾಳಿಯ ತೇವ ಹೀರಿಯೇ ಗಟ್ಟಿಯಾಗುತ್ತವೆ, ಹಾಗಾಗಿ ಸೆಖೆಯ ಗಾಳಿ ಅಡ್ಡಿಯಲ್ಲ. ಅಂಟಿಸುವ ಮೈ ಮಾತ್ರ ಒಣಗಿರಬೇಕು. ಜುಲೈಯಲ್ಲಿ ಅಂಥ ದಿನ ಹುಡುಕಿದರೂ ಸಿಗುವುದಿಲ್ಲ. ಕೆಲಸ ಮುಗಿದ ಮೇಲೆ ತಿಂಗಳಿಗೊಮ್ಮೆ ಕಡ್ಡಿ ಆಡಿಸಿ ತೂತು ನೋಡುವುದು, ಲೋಟದ ನೀರು ಹೊಯ್ಯುವುದು ಬಿಟ್ಟರೆ ಬೇರೆ ಆರೈಕೆ ಬೇಕಿಲ್ಲ. ಗಾಳಿಮರದ ಕೆಳಗೆ ನಿಲ್ಲಿಸುವವರು ವಾರಕ್ಕೊಮ್ಮೆ ನೋಡಿಕೊಳ್ಳಿ.

ಮಳೆಗಾಲದ ನಡುವೆಯೇ ಸೋರತೊಡಗಿದರೆ? ಮೊದಲು ತೂತು ಬಿಡಿಸಿ. ಅದಕ್ಕೂ ನಿಲ್ಲದಿದ್ದರೆ ಕಿಟಕಿಯನ್ನು ಮುಚ್ಚಿ, ಚೌಕಟ್ಟಿನ ಮೇಲಂಚು ಮತ್ತು ಎರಡು ಪಕ್ಕಕ್ಕೆ, ಮೈ ಒರೆಸಿ ಒಣಗಿಸಿ, ಅಗಲದ ಟೇಪ್ ಅಂಟಿಸಿ. ಮೇಲಿನ ಟೇಪು ಪಕ್ಕದ ಟೇಪುಗಳ ಮೇಲೆ ಬರಲಿ, ಕೆಳಗಂಚನ್ನು ಮುಟ್ಟಬೇಡಿ. ಒಳಗೆ ಗಾಳಿಯಾಡಲು ಆಚೆ ಬದಿಯ ಕಿಟಕಿ ತೆರೆದುಕೊಳ್ಳಿ. ಒಳಪದರ ಬಿಚ್ಚಿಟ್ಟರೆ ಪ್ಲೈ ಕೊಳೆಯುವುದು ತಪ್ಪುತ್ತದೆ. ಸೆಪ್ಟೆಂಬರ್ ಕೊನೆಗೆ ಬಿಸಿಲು ಬಿದ್ದ ಮೇಲೆ ಟೇಪ್ ಕಿತ್ತು, ಸೀಮೆಸುಣ್ಣದ ಪುಡಿಯಿಂದ ಶುರು ಮಾಡಿ ಕೆಲಸವನ್ನು ಕ್ರಮವಾಗಿ ಮಾಡಿ. ಅಲ್ಲಿಯ ತನಕ ಹಾಸಿಗೆಯನ್ನು ಇನ್ನೊಂದು ಬದಿಗೆ ಎಳೆದುಕೊಂಡರಾಯಿತು.